ಗೆದ್ದದ್ದಕ್ಕಿಂತ ಸೋತದ್ದೇ ಜಾಸ್ತಿ, ಆದರೂ ಜೇಮ್ಸ್ ನೈಸ್ಮಿತ್ ದೊಡ್ಡ ಮೇಷ್ಟ್ರು

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ತಂಡಗಳು ಈಗ ಒಬ್ಬ ಹೆಡ್ ಕೋಚ್ ಇಟ್ಟುಕೊಂಡು ಸುಮ್ಮನಾಗಲ್ಲ. ಜೊತೆಗೆ ಪ್ಲೇಯರ್ ಡೆವಲಪ್‌ಮೆಂಟ್ ಕೋಚ್ ಅಂತ ಇನ್ನೊಬ್ಬರನ್ನು ಸೇರಿಸಿಕೊಳ್ಳುತ್ತವೆ. ಕಳೆದ ಸಲ ಬಮ್ಮಿಗಟ್ಟಿಗೆ ಹೋದಾಗ ಇಂಥದ್ದೇ ಒಂದು ನೇಮಕದ ಸುದ್ದಿಯನ್ನು ಫೋನಿನಲ್ಲಿ ಓದುತ್ತಾ ಕಟ್ಟೆಯ ಮೇಲೆ ಕೂತಿದ್ದೆ. ಮಾವನ ಮೊಮ್ಮಗ, ಎಂಟನೇ ಕ್ಲಾಸಿನ ಹುಡುಗ, ಪಕ್ಕದಿಂದ ಇಣುಕಿ ನೋಡಿ ಈ ಕೋಚ್ ಏನು ಮಾಡ್ತಾನೆ ಅಂತ ಕೇಳಿದ.

ಗರಡಿಮನೆಯ ಉಸ್ತಾದ ಇದ್ದಂಗ ಅಂತ ಹೇಳಿದೆ. ಕುಸ್ತಿ ಗೆಲ್ಲೋದು ಪೈಲ್ವಾನನ ಕೆಲಸ. ಅವನ ಕಾಲು ಎಲ್ಲಿ ತಪ್ಪುತ್ತೆ, ಯಾವ ಪಟ್ಟು ಇನ್ನೂ ಕೈಗೆ ಹತ್ತಿಲ್ಲ ಅಂತ ದಿನಾ ಬೆಳಿಗ್ಗೆ ನೋಡೋದು ಉಸ್ತಾದನ ಕೆಲಸ. ಡೆವಲಪ್‌ಮೆಂಟ್ ಕೋಚ್ ಕೂಡ ಹಾಗೇ, ಇಡೀ ತಂಡವನ್ನಲ್ಲ, ಒಬ್ಬೊಬ್ಬ ಆಟಗಾರನನ್ನು ನೋಡ್ತಾನೆ. ಹುಡುಗನಿಗೆ ಅರ್ಥ ಆಯ್ತು. ಆದರೆ ಅವನ ಎರಡನೇ ಪ್ರಶ್ನೆಗೆ ನಾನು ತಯಾರಿರಲಿಲ್ಲ. ಟೀಮಿನಾಗ ಇಲ್ಲದವರಿಗೂ ಆತ ಕಲಿಸ್ತಾನೇನು ಅಂತ ಕೇಳಿದ.

ಆ ಪ್ರಶ್ನೆ ನನಗೆ ಹೊಸದಲ್ಲ. ಇಂಜಿನಿಯರಿಂಗ್ ಓದುವಾಗ ನಾನೂ ನಾಲ್ಕು ವರ್ಷ ಕೋರ್ಟಿನ ಗೆರೆಯ ಹೊರಗೇ ನಿಂತವನು. ಎತ್ತರ ಇದ್ದವರಿಗೆ, ಮೊದಲೇ ಆಡಿ ಬಂದವರಿಗೆ ಚೆಂಡು. ಉಳಿದವರಿಗೆ ಹಾಜರಿ ಮಾತ್ರ. ಉತ್ತರ ಹುಡುಕಿಕೊಂಡು ಹೋದರೆ ಸಿಗೋದು ಬ್ಯಾಸ್ಕೆಟ್‌ಬಾಲ್ ಆಟವನ್ನೇ ಹುಟ್ಟುಹಾಕಿದ ಮನುಷ್ಯ, ಜೇಮ್ಸ್ ನೈಸ್ಮಿತ್.

ಮರ ಕಡಿಯುತ್ತಿದ್ದ ಅನಾಥ

ನೈಸ್ಮಿತ್ ಹುಟ್ಟಿದ್ದು 1861ರ ನವೆಂಬರ್ 6ರಂದು, ಕೆನಡಾದ ಒಂಟಾರಿಯೊದಲ್ಲಿ, ಆಲ್ಮಂಟ್ ಎಂಬ ಊರಿನ ಹತ್ತಿರ. ಅಪ್ಪ ಅಮ್ಮ ಸ್ಕಾಟ್ಲೆಂಡಿನಿಂದ ವಲಸೆ ಬಂದವರು. 1870ರಲ್ಲಿ ಇಬ್ಬರೂ ಟೈಫಾಯ್ಡ್‌ಗೆ ಬಲಿಯಾದರು. ಮಕ್ಕಳು ಬಂಧುಗಳ ಆಸರೆಯಲ್ಲಿ ಬೆಳೆದರು. ಜೇಮ್ಸ್ ಹದಿಹರೆಯದಲ್ಲೇ ಶಾಲೆ ಬಿಟ್ಟು ಕಾಡಿನಲ್ಲಿ ಮರ ಕಡಿಯುವ ಕೂಲಿಗೆ ಹೋದರು. ಕೆಲವು ವರ್ಷಗಳ ನಂತರ ಮತ್ತೆ ಶಾಲೆಗೆ ಬಂದು, ತಮಗಿಂತ ಚಿಕ್ಕವರ ಜೊತೆ ಬೆಂಚಿನಲ್ಲಿ ಕೂತು ಓದು ಮುಗಿಸಿದರು. ಶಾಲೆ ಬಿಟ್ಟವನು ಮುಗಿದುಹೋದ ಅನ್ನೋ ಮಾತನ್ನು ಅವರು ಮುಂದೆಂದೂ ಒಪ್ಪಲಿಲ್ಲ. ಯಾಕೆಂದರೆ ಹಾಗೆ ಬಿಟ್ಟು ಬಂದವರು ಅವರೇ.

ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಪದವಿ, ಆಮೇಲೆ ಪಾದ್ರಿಯಾಗಲು ಬೇಕಾದ ಧರ್ಮಶಾಸ್ತ್ರದ ಓದು. ಆದರೆ ಓದು ಮುಗಿದ ಕೂಡಲೇ ಅವರು ಚರ್ಚಿನ ವೇದಿಕೆ ಹತ್ತಲಿಲ್ಲ. ಆಟ ಅಂದರೆ ಸೈತಾನನ ಕೆಲಸ ಅಂತ ನಂಬಿದ ಧರ್ಮಭೀರುಗಳು ಬೇಕಾದಷ್ಟು ಇದ್ದ ಕಾಲ ಅದು. ನೈಸ್ಮಿತ್‌ಗೆ ಅನಿಸಿದ್ದು ಬೇರೆ: ಪ್ರವಚನದಿಂದ ಆಗದ ಕೆಲಸ ಮೈದಾನದಿಂದ ಆಗಬಹುದು. 1890ರಲ್ಲಿ ಅವರು ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈಎಂಸಿಎ ತರಬೇತಿ ಶಾಲೆಗೆ ಸೇರಿದರು.

ಹದಿನಾಲ್ಕು ದಿನ, ಹದಿಮೂರು ನಿಯಮ

1891ರ ಚಳಿಗಾಲ. ಹೊರಗೆ ಹಿಮ. ಒಳಗೆ ದಿನಾ ಅದೇ ಕವಾಯತು ಮಾಡಿ ಬೇಸತ್ತ 18 ವಿದ್ಯಾರ್ಥಿಗಳ ಒಂದು ಕ್ಲಾಸು. ಮೊದಲಿದ್ದ ಶಿಕ್ಷಕರು ಕೈಚೆಲ್ಲಿದ್ದರು. ಮುಖ್ಯಸ್ಥ ಲೂಥರ್ ಗ್ಯುಲಿಕ್ ಆ ಕ್ಲಾಸನ್ನು ನೈಸ್ಮಿತ್‌ಗೆ ಒಪ್ಪಿಸಿ, ಒಳಾಂಗಣದಲ್ಲಿ ಆಡುವ ಹೊಸ ಆಟ ಕಟ್ಟಲು 14 ದಿನ ಕೊಟ್ಟರು.

ನೈಸ್ಮಿತ್ ಮೊದಲು ಗೊತ್ತಿರುವ ಆಟಗಳನ್ನೇ ಒಳಗೆ ತಂದು ನೋಡಿದರು. ಹೊಂದಲಿಲ್ಲ, ಪೆಟ್ಟಾದವು. ಆಗ ಅವರು ಮಾಡಿದ್ದು ಒಳ್ಳೆಯ ಇಂಜಿನಿಯರ್ ಮಾಡೋ ಕೆಲಸ. ಪೆಟ್ಟು ಯಾಕೆ ಬೀಳುತ್ತೆ? ಚೆಂಡು ಹಿಡಿದು ಓಡುವವನನ್ನು ಕೆಡವೋಕೆ ಹೋಗೋದರಿಂದ. ಹಾಗಾದರೆ ಚೆಂಡು ಹಿಡಿದು ಓಡೋದನ್ನೇ ತೆಗೆದುಬಿಡೋಣ. ಗೋಲು ನೆಲದ ಮೇಲಿದ್ದರೆ ಜೋರಾಗಿ ಹೊಡೆಯೋಕೆ ಮನಸ್ಸಾಗುತ್ತೆ. ಅದನ್ನು ತಲೆಯ ಮೇಲಕ್ಕೆ ಏರಿಸಿದರೆ ಜೋರು ಕೆಲಸಕ್ಕೆ ಬರಲ್ಲ, ಗುರಿ ಬೇಕಾಗುತ್ತೆ. ಬಾಲ್ಯದಲ್ಲಿ ಕಲ್ಲನ್ನು ಗುರಿಯಿಟ್ಟು ಎಸೆಯುತ್ತಿದ್ದ ಆಟವೊಂದು ಅವರ ನೆನಪಿಗೆ ಬಂತು.

ಕಟ್ಟಡ ನೋಡಿಕೊಳ್ಳುವವನ ಹತ್ತಿರ ಎರಡು ಪೆಟ್ಟಿಗೆ ಕೇಳಿದರೆ ಸಿಕ್ಕಿದ್ದು ಪೀಚ್ ಹಣ್ಣಿನ ಎರಡು ಬುಟ್ಟಿ. ಅವನ್ನು ಬಾಲ್ಕನಿಯ ಅಂಚಿಗೆ ಬಡಿದರು. ಎತ್ತರ ಹತ್ತು ಅಡಿ. ಇವತ್ತಿಗೂ ದೊಡ್ಡವರು ಆಡುವ ಕೋರ್ಟಿನಲ್ಲಿ ರಿಂಗು ಇರೋದು ಅಷ್ಟೇ ಎತ್ತರಕ್ಕೆ. ಫುಟ್‌ಬಾಲ್ ಚೆಂಡು, 13 ನಿಯಮ, ಒಂದೊಂದು ಕಡೆ ಒಂಬತ್ತು ಜನ. ಬುಟ್ಟಿಗೆ ತಳ ಇತ್ತು. ಹಾಗಾಗಿ ಚೆಂಡು ಬಿದ್ದರೆ ಯಾರಾದರೂ ಮೇಲೆ ಹತ್ತಿ ತೆಗೀಬೇಕು. ಅದರಿಂದ ದೊಡ್ಡ ತೊಂದರೆಯೇನೂ ಆಗಲಿಲ್ಲ. ಮೊದಲ ಆಟದಲ್ಲಿ ಬಿದ್ದದ್ದು ಒಂದೇ ಒಂದು ಗೋಲು.

ಆ ಆಟದಲ್ಲಿ ಗೆಂಜಾಬುರೊ ಇಶಿಕಾವಾ ಎಂಬ ಜಪಾನಿ ವಿದ್ಯಾರ್ಥಿಯೂ ಇದ್ದ. ಕಲಿತವರು ವೈಎಂಸಿಎ ಜಾಲದ ಜೊತೆ ಊರೂರಿಗೆ ಹೋದರು, ಆಟವೂ ಹೋಯಿತು. ನಮ್ಮ ದೇಶಕ್ಕೂ ಅದು ಬಂದದ್ದು ಅದೇ ದಾರಿಯಲ್ಲಿ. ಹ್ಯಾರಿ ಬಕ್ 1920ರಲ್ಲಿ ಮದ್ರಾಸಿನಲ್ಲಿ ಶುರು ಮಾಡಿದ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ನಮ್ಮ ಪಿಟಿ ಮಾಸ್ತರರ ಪರಂಪರೆಯ ಒಂದು ಬೇರು.

55 ಗೆಲುವು, 60 ಸೋಲು

ನೈಸ್ಮಿತ್ ಆಮೇಲೆ ಡೆನ್ವರ್‌ಗೆ ಹೋಗಿ, ವೈದ್ಯಕೀಯ ಓದಿ 1898ರಲ್ಲಿ ಡಾಕ್ಟರಾದರು. ಅದೇ ವರ್ಷ ಕಾನ್ಸಾಸ್ ವಿಶ್ವವಿದ್ಯಾಲಯಕ್ಕೆ ಬಂದರು. ಅಲ್ಲಿ ಒಂಬತ್ತು ಸೀಸನ್ ಬ್ಯಾಸ್ಕೆಟ್‌ಬಾಲ್ ತಂಡ ನಡೆಸಿದರು. ಲೆಕ್ಕ: 55 ಗೆಲುವು, 60 ಸೋಲು. ಆ ವಿಶ್ವವಿದ್ಯಾಲಯದ ಇತಿಹಾಸದಲ್ಲಿ ಗೆಲುವಿಗಿಂತ ಸೋಲು ಹೆಚ್ಚಿರುವ ಏಕೈಕ ಬ್ಯಾಸ್ಕೆಟ್‌ಬಾಲ್ ಕೋಚ್, ಆ ಆಟವನ್ನು ಕಂಡುಹಿಡಿದವರೇ!

ಅವರ ಶಿಷ್ಯ ಫಾಗ್ ಅಲೆನ್ ಅಲ್ಲೇ ಕೋಚ್ ಆಗಿ 500ಕ್ಕೂ ಹೆಚ್ಚು ಪಂದ್ಯ ಗೆದ್ದರು. ಈ ಆಟವನ್ನು ಆಡಬೇಕು, ಕೋಚಿಂಗ್ ಮಾಡೋಕೆ ಇದರಲ್ಲಿ ಏನಿದೆ ಅನ್ನೋದು ನೈಸ್ಮಿತ್ ನಿಲುವು. ಆ ನಿಲುವು ತಪ್ಪು ಅಂತ ಅಲೆನ್ ಸಾಧಿಸಿ ತೋರಿಸಿದರು. ಆಟದ ತಂತ್ರದ ಮಟ್ಟಿಗೆ ಶಿಷ್ಯನದೇ ಸರಿ, ಅದರಲ್ಲಿ ಅನುಮಾನ ಬೇಡ. ಆದರೆ ನೈಸ್ಮಿತ್ ಅಳೆಯುತ್ತಿದ್ದದ್ದೇ ಬೇರೆ. ದೈಹಿಕ ಶಿಕ್ಷಣದ ಮೇಷ್ಟ್ರಾಗಿ ಅವರ ಗಮನ ವಿದ್ಯಾರ್ಥಿಯ ಆರೋಗ್ಯ ಮತ್ತು ನಡತೆಯ ಮೇಲೆ. ಐದು ಜನರ ತಂಡ ಅವರ ಕೆಲಸದ ಒಂದು ಸಣ್ಣ ಮೂಲೆ ಅಷ್ಟೇ.

ನೀರು ಖಾಲಿ ಮಾಡಿದ ಈಜುಕೊಳ

1933ರಲ್ಲಿ ಜಾನ್ ಮೆಕ್ಲೆಂಡನ್ ಎಂಬ ಕಪ್ಪು ಹುಡುಗ ಆ ವಿಶ್ವವಿದ್ಯಾಲಯಕ್ಕೆ ಬಂದ. ಅವನ ತಂದೆ ನೈಸ್ಮಿತ್ ಹೆಸರು ಹೇಳಿ, ಅವರನ್ನೇ ಹೋಗಿ ಕಾಣು ಅಂತ ಕಳಿಸಿದ್ದರು. ಮೆಕ್ಲೆಂಡನ್‌ಗೆ ಬ್ಯಾಸ್ಕೆಟ್‌ಬಾಲ್ ಪ್ರಾಣ. ಆದರೆ ವಿಶ್ವವಿದ್ಯಾಲಯದ ತಂಡದಲ್ಲಿ ಕಪ್ಪು ಜನರಿಗೆ ಜಾಗ ಇರಲಿಲ್ಲ. ದೈಹಿಕ ಶಿಕ್ಷಣದ ಕೋರ್ಸಿಗೆ ಈಜು ಕಡ್ಡಾಯ. ಅವನು ಕೊಳಕ್ಕೆ ಇಳಿದು ಎದ್ದ ಮೇಲೆ ಅದರ ನೀರನ್ನೇ ಖಾಲಿ ಮಾಡಿದರು.

ಇದನ್ನು ಓದುವಾಗ ನಮಗೆ ಮಹಾಡ್ ನೆನಪಾಗಬೇಕು. 1927ರಲ್ಲಿ ಅಂಬೇಡ್ಕರ್ ಮತ್ತು ಸಂಗಾತಿಗಳು ಚವದಾರ್ ಕೆರೆಯ ನೀರು ಮುಟ್ಟಿದ ಮೇಲೆ ಸವರ್ಣೀಯರು ಸಗಣಿ, ಗಂಜಲ ಸುರಿದು ಕೆರೆಯನ್ನು ಶುದ್ಧ ಮಾಡಿದ್ದರು. ಆರೇಳು ವರ್ಷದ ಅಂತರ, ಎರಡು ಖಂಡ, ಒಂದೇ ರೋಗ.

ಎಪ್ಪತ್ತು ದಾಟಿದ್ದ ನೈಸ್ಮಿತ್ ಮೆಕ್ಲೆಂಡನ್ ಬೆನ್ನಿಗೆ ನಿಂತರು. ಕೊಳದ ನಿರ್ಬಂಧ ಕೊನೆಗೆ ಹೋಯಿತು. 1936ರಲ್ಲಿ ಮೆಕ್ಲೆಂಡನ್ ಅಲ್ಲಿ ದೈಹಿಕ ಶಿಕ್ಷಣ ಪದವಿ ಪಡೆದ ಮೊದಲ ಕಪ್ಪು ವಿದ್ಯಾರ್ಥಿಯಾದ. ಹಾಗಂತ ನೈಸ್ಮಿತ್‌ರನ್ನು ದೇವರು ಮಾಡೋದು ಬೇಡ. ತಂಡದ ಬಾಗಿಲು ಅವರಿಂದ ತೆರೆಯಲಿಲ್ಲ, ಅದಕ್ಕೆ 1950ರ ದಶಕವೇ ಬರಬೇಕಾಯಿತು. ಅವರಿಂದ ಆದದ್ದು ಒಂದು: ತಂಡ ಬೇಡ ಅಂದವನಿಗೆ ತಮಗೆ ಗೊತ್ತಿದ್ದದ್ದನ್ನೆಲ್ಲ ಕಲಿಸಿದರು.

ಆ ಒಂದು ಕೆಲಸದ ಫಲ ನೋಡಿ. 1944ರ ಮಾರ್ಚ್‌ನಲ್ಲಿ, ವರ್ಣಭೇದ ಕಾನೂನಾಗಿದ್ದ ನಾರ್ತ್ ಕೆರೊಲಿನಾದಲ್ಲಿ, ಮೆಕ್ಲೆಂಡನ್ ತರಬೇತಿ ಕೊಟ್ಟ ಕಪ್ಪು ಕಾಲೇಜಿನ ತಂಡ ಡ್ಯೂಕ್ ವೈದ್ಯಕೀಯ ವಿದ್ಯಾರ್ಥಿಗಳ ಬಿಳಿಯ ತಂಡದ ಜೊತೆ ಗುಟ್ಟಾಗಿ ಆಡಿತು. ಭಾನುವಾರ ಬೆಳಿಗ್ಗೆ, ಊರೆಲ್ಲ ಚರ್ಚಿನಲ್ಲಿದ್ದಾಗ, ಬಾಗಿಲು ಹಾಕಿಕೊಂಡು. ಸ್ಕೋರು 88–44. ಆಮೇಲೆ ಎರಡೂ ತಂಡದವರು ಬೆರೆತು ಇನ್ನೊಂದು ಆಟ ಆಡಿದರು. 1957ರಿಂದ ಮೂರು ವರ್ಷ ಸತತವಾಗಿ ಮೆಕ್ಲೆಂಡನ್ ತಂಡ ರಾಷ್ಟ್ರೀಯ ಕಾಲೇಜು ಪ್ರಶಸ್ತಿ ಗೆದ್ದಿತು. 1961ರಲ್ಲಿ ಅವರು ಕ್ಲೀವ್‌ಲ್ಯಾಂಡ್ ಪೈಪರ್ಸ್‌ನ ಹೆಡ್ ಕೋಚ್ ಆಗಿದ್ದರು. ವೃತ್ತಿಪರ ಬ್ಯಾಸ್ಕೆಟ್‌ಬಾಲ್‌ನಲ್ಲಿ ಆ ಸ್ಥಾನಕ್ಕೇರಿದ ಮೊದಲ ಕಪ್ಪು ವ್ಯಕ್ತಿಗಳಲ್ಲಿ ಒಬ್ಬರು.

ಇಷ್ಟನ್ನೆಲ್ಲ ನೋಡೋಕೆ ನೈಸ್ಮಿತ್ ಇರಲಿಲ್ಲ. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ತಮ್ಮ ಆಟ ಮೊದಲ ಸಲ ಪದಕದ ಸ್ಪರ್ಧೆಯಾದದ್ದನ್ನು ಅವರು ಕಣ್ಣಾರೆ ಕಂಡರು. ಅಲ್ಲಿಗೆ ಹೋಗುವ ಖರ್ಚಿಗೆ ಬ್ಯಾಸ್ಕೆಟ್‌ಬಾಲ್ ಕೋಚ್‌ಗಳು ಚಂದಾ ಎತ್ತಿದ್ದರು. ಆಟದ ಮೇಲೆ ಅವರು ಹಕ್ಕು ಕಟ್ಟಿಕೊಂಡಿರಲಿಲ್ಲ, ಅದರಿಂದ ಹಣವನ್ನೂ ಮಾಡಲಿಲ್ಲ. 1939ರ ನವೆಂಬರ್ 28ರಂದು ತೀರಿಕೊಂಡರು. ಆ 13 ನಿಯಮ ಟೈಪ್ ಮಾಡಿದ್ದ ಹಾಳೆಗಳು 2010ರ ಹರಾಜಿನಲ್ಲಿ 43 ಲಕ್ಷ ಡಾಲರ್‌ಗೂ ಹೆಚ್ಚಿಗೆ ಮಾರಾಟವಾದವು.

ಹುಡುಗನಿಗೆ ಕೊಟ್ಟ ಉತ್ತರ

ವೃತ್ತಿಪರ ತಂಡ ಡೆವಲಪ್‌ಮೆಂಟ್ ಕೋಚ್ ನೇಮಿಸೋದು ಒಳ್ಳೇದೇ. ಆದರೆ ಆತ ಬೆಳೆಸೋದು ಈಗಾಗಲೇ ಒಳಗೆ ಬಂದವರನ್ನು. ಪಂಜಾಬಿನ ಬಲ್ಲೋ ಕೆ ಹಳ್ಳಿಯ ಸತ್ನಾಮ್ ಸಿಂಗ್ 2015ರಲ್ಲಿ ಎನ್‌ಬಿಎ ತಂಡವೊಂದಕ್ಕೆ ಆಯ್ಕೆಯಾದ ಮೊದಲ ಭಾರತೀಯನಾದರು. ಅದಕ್ಕೂ ಮುಂಚೆ ಹಳ್ಳಿಯಿಂದ ಬಂದ ಹುಡುಗನನ್ನು ಕೂರಿಸಿಕೊಂಡು ಕಲಿಸೋಕೆ ಲುಧಿಯಾನದಲ್ಲಿ ಒಂದು ಅಕಾಡೆಮಿ ಇತ್ತು. ಅದಿಲ್ಲದಿದ್ದರೆ ಎನ್‌ಬಿಎ ಕೋಚ್‌ಗೆ ಅವರ ಹೆಸರೂ ಗೊತ್ತಾಗುತ್ತಿರಲಿಲ್ಲ.

ನಮ್ಮ ಕಡೆ ಆಗೋದು ತಿರುಗುಮುರುಗು. ತಾಲ್ಲೂಕು ಮಟ್ಟದ ಕ್ರೀಡಾಕೂಟ ಹತ್ತಿರ ಬಂದಾಗ ಓಡುವವರನ್ನು ಆರಿಸಿ, ನಾಲ್ಕು ದಿನ ಓಡಿಸಿ, ಟೆಂಪೋ ಹತ್ತಿಸೋದು. ಉಳಿದ ಮಕ್ಕಳು ಚಪ್ಪಾಳೆ ಹೊಡೆಯೋಕೆ. ಅದರಲ್ಲೂ ಹುಡುಗಿಯರು ಪ್ರೌಢಶಾಲೆಗೆ ಬರುವಷ್ಟರಲ್ಲಿ ಮೈದಾನದಿಂದಲೇ ಮಾಯ. ಬಹುಮಾನ ತರಲಿಲ್ಲ ಅಂತ ಪಿಟಿ ಮಾಸ್ತರರನ್ನು ಕೇಳೋರು ಇದ್ದಾರೆ. ಆಡದ ಮಕ್ಕಳೆಷ್ಟು, ಅವರು ಯಾರ ಮಕ್ಕಳು ಅಂತ ಕೇಳೋರಿಲ್ಲ. ಕೋಚಿನ ಗೆಲುವನ್ನು ಎಣಿಸೋಕೆ ಸ್ಕೋರ್‌ಬೋರ್ಡ್ ಇದೆ, ಈ ಲೆಕ್ಕಕ್ಕೆ ಯಾವ ಬೋರ್ಡೂ ಇಲ್ಲ.

ಹಾಗಾಗಿ ಬಮ್ಮಿಗಟ್ಟಿಯ ಹುಡುಗನಿಗೆ ನಾನು ನಿಜವನ್ನೇ ಹೇಳಿದೆ: ಸಂಬಳದ ಆ ಕೋಚ್ ಟೀಮಿನಲ್ಲಿ ಇಲ್ಲದವರಿಗೆ ಕಲಿಸಲ್ಲ. ಅದು ಶಾಲೆಯ ಕೆಲಸ, ಅಂದರೆ ಸರ್ಕಾರದ ಕೆಲಸ, ಅಂದರೆ ನಾವು ಕೇಳಿ ಪಡೀಬೇಕಾದ್ದು. ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಅವನ ಅಪ್ಪ ಮೂರು ಪ್ರಶ್ನೆ ಕೇಳ್ತಾನಂತೆ. ಶಾಲೆಗೆ ದೈಹಿಕ ಶಿಕ್ಷಕರು ಇದ್ದಾರಾ, ವಾರಕ್ಕೆ ಎಷ್ಟು ಪಿರಿಯಡ್ ನಿಜವಾಗಿ ಆಟ ನಡೆಯುತ್ತೆ, ಆ ಪಿರಿಯಡ್‌ನಲ್ಲಿ ಚೆಂಡು ಎಷ್ಟು ಕೈಗಳಿಗೆ ಹೋಗುತ್ತೆ. ನಿಮ್ಮ ಊರಿನ ಶಾಲೆಯಲ್ಲಿ ನೀವೂ ಕೇಳಿ.