ಆಮೆ ಮೇಷ್ಟ್ರು ಪೇಪರ್ಟ್

ಸ್ಕೂಲ್ ಲ್ಯಾಬಿನಲ್ಲಿ ಒಂದೇ ಕಂಪ್ಯೂಟರಿಗೆ ಮೂವರು ಮುಗಿಬಿದ್ದು, ಲೋಗೋದಲ್ಲಿ ಫಾರ್ವರ್ಡ್ 100, ರೈಟ್ 90 ಅಂತ ಟೈಪ್ ಮಾಡಿ ಚೌಕ ಬರೆಸಿದ್ದು ನೆನಪಿದೆಯಾ? ಕೋನ ತಪ್ಪಿ ಏನೋ ವಿಚಿತ್ರ ಚಿತ್ರ ಬಂದ್ರೂ ನಮಗೆ ಖುಷಿಯೇ. ಪರದೆ ಮೇಲೆ ಓಡುತ್ತಿದ್ದ ಆ ಪುಟ್ಟ ತ್ರಿಕೋನಕ್ಕೆ ಆಮೆ ಅಂತ ಹೆಸರು. ಅದರ ಹಿಂದಿದ್ದವರು ಸೀಮೋರ್ ಪೇಪರ್ಟ್.

1928ರಲ್ಲಿ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ ಹುಟ್ಟಿದ ಇವರಿಗೆ ಚಿಕ್ಕಂದಿನಿಂದ ಗಿಯರ್‌ಗಳ ಹುಚ್ಚು. ಮಗ್ಗಿಯೂ ತಲೆಯಲ್ಲಿ ಗಿಯರ್‌ಗಳಾಗಿಯೇ ತಿರುಗುತ್ತಿತ್ತಂತೆ. ಗಣಿತ ಓದಿದರು. ಜಿನೀವಾದಲ್ಲಿ ಜೀನ್ ಪಿಯಾಜೆ ಜೊತೆ ಮಕ್ಕಳ ಕಲಿಕೆಯನ್ನು ಅಧ್ಯಯನ ಮಾಡಿ, ಆಮೇಲೆ ಎಂಐಟಿ ಸೇರಿದರು. 1967ರಲ್ಲಿ ಸಂಗಡಿಗರ ಜೊತೆ ಸೇರಿ ಲೋಗೋ ರೂಪಿಸಿದರು. ಆಮೆ ಮೊದಲು ನೆಲದ ಮೇಲೆ ಪೆನ್ನು ಹಿಡಿದು ಓಡುವ ರೋಬೋ ಆಗಿತ್ತು. ಪರದೆಗೆ ಬಂದದ್ದು ನಂತರ.

ವೃತ್ತ ಬರೆಯೋದು ಗೊತ್ತಿಲ್ವಾ? ಎದ್ದು ನಿಂತು ನೀನೇ ಆಮೆಯಾಗಿ ನಡೆದು ನೋಡು ಅನ್ನೋದು ಅವರ ದಾರಿ. ಒಂದು ಹೆಜ್ಜೆ, ಒಂದು ಡಿಗ್ರಿ, 360 ಸಲ. ತಪ್ಪು ಅಂದ್ರೆ ಸೋಲಲ್ಲ, ಹುಡುಕಿ ಸರಿಮಾಡಬಹುದಾದ ಬಗ್, ಅಷ್ಟೇ.

2006ರಲ್ಲಿ ಗಣಿತ ಶಿಕ್ಷಣದ ಸಮ್ಮೇಳನಕ್ಕೆಂದು ಹನೋಯ್‌ಗೆ ಹೋಗಿದ್ದಾಗ, ರಸ್ತೆ ದಾಟುತ್ತಿದ್ದ ಅವರಿಗೆ ಬೈಕ್ ಗುದ್ದಿ ಮೆದುಳಿಗೆ ಪೆಟ್ಟಾಯಿತು. ಬದುಕಿಡೀ ಕಲಿಕೆಯ ಬಗ್ಗೆ ಯೋಚಿಸಿದವರು ನಡೆಯೋದು, ಮಾತಾಡೋದನ್ನೇ ಮತ್ತೆ ರೂಢಿಸಿಕೊಳ್ಳಬೇಕಾಯಿತು. ಮರುವರ್ಷ ಅವರದೇ ಹಾದಿಯಲ್ಲಿ, ಬ್ಲಾಕ್ ಜೋಡಿಸುವ ಸ್ಕ್ರ್ಯಾಚ್ ಬಂತು. 2016ರಲ್ಲಿ ಅವರು ತೀರಿಕೊಂಡರು.

ಇವತ್ತು ಒಂದು ಎರರ್ ಬಂದ್ರೆ ಸಾಕು, ಪಕ್ಕದವನ ಕೋಡ್ ಕಾಪಿ ಹೊಡೀತೀವಿ. ಆಗ ಆಮೆ ದಾರಿ ತಪ್ಪಿದ್ರೆ ನಾವೇ ಕೂತು ಹುಡುಕ್ತಿದ್ವಿ.