ಗ್ರಹಗಳ ವಕ್ರಗತಿ ಮತ್ತು ಭಾಸ್ಕರಾಚಾರ್ಯರು

ಬುಧ ವಕ್ರನಾಗಿದ್ದಾನೆ, ಆದುದರಿಂದ ಮಾತು ಎಡವುತ್ತದೆ. ಶನಿ ವಕ್ರನಾಗಿದ್ದಾನೆ, ಆದುದರಿಂದ ಮನಸ್ಸು ಕುಗ್ಗಿದೆ. ಇಂತಹ ನುಡಿಗಳು ಇಂದು ಮಹಾನಗರಗಳ ಮನೆಗಳಲ್ಲಿಯೂ ಕಚೇರಿಗಳಲ್ಲಿಯೂ ಸಾಮಾನ್ಯವಾಗಿವೆ. ದಿನನಿತ್ಯದ ಬೇಸರ, ಸಿಡುಕು, ಮರೆವುಗಳಿಗೆಲ್ಲ ಆಕಾಶದಲ್ಲಿ ಹಿಮ್ಮುಖವಾಗಿ ಚಲಿಸುವ ಗ್ರಹವೊಂದು ಕಾರಣವೆಂಬ ನಂಬಿಕೆ ಓದುಬರಹ ಬಲ್ಲವರಲ್ಲಿಯೂ ಬೇರೂರಿದೆ. ಆದರೆ ಗ್ರಹವು ಹಿಂದಕ್ಕೆ ಸರಿಯುವುದೆಂದರೇನು, ಅದು ಎಂದು ಆರಂಭವಾಗಿ ಎಂದು ಮುಗಿಯುತ್ತದೆ, ಅದನ್ನು ಲೆಕ್ಕ ಮಾಡುವ ಬಗೆ ಯಾವುದು ಎಂಬ ಪ್ರಶ್ನೆಗಳಿಗೆ ಹನ್ನೆರಡನೆಯ ಶತಮಾನದಲ್ಲಿಯೇ ಸಹ್ಯಾದ್ರಿಯ ಮಡಿಲಿನ ಮಹಾಗಣಿತಜ್ಞರೊಬ್ಬರು ಸ್ಪಷ್ಟವಾದ ಉತ್ತರವನ್ನು ನೀಡಿದ್ದರು. ಅವರೇ ಭಾಸ್ಕರಾಚಾರ್ಯರು. ಏಳನೆಯ ಶತಮಾನದಲ್ಲಿ ಅದೇ ಹೆಸರಿನ ಇನ್ನೊಬ್ಬ ಗಣಿತಜ್ಞರಿದ್ದುದರಿಂದ ಇವರನ್ನು ಎರಡನೆಯ ಭಾಸ್ಕರರೆಂದು ಗುರುತಿಸಲಾಗುತ್ತದೆ.

ಹುಟ್ಟೂರಿನ ಚರ್ಚೆ

ಭಾಸ್ಕರಾಚಾರ್ಯರು ತಮ್ಮ ಗ್ರಂಥದ ಕೊನೆಯಲ್ಲಿ ತಮ್ಮ ಪರಿಚಯವನ್ನು ತಾವೇ ನೀಡಿದ್ದಾರೆ. ಶಕವರ್ಷ 1036, ಎಂದರೆ ಕ್ರಿ.ಶ. 1114, ಅವರ ಜನ್ಮವರ್ಷ. ಶಾಂಡಿಲ್ಯ ಗೋತ್ರದ ಮಹೇಶ್ವರರು ಅವರ ತಂದೆ. ಸಹ್ಯಪರ್ವತದ ಆಶ್ರಯದಲ್ಲಿರುವ ವಿಜ್ಜಡವಿಡವೆಂಬುದು ಅವರ ಊರು. ಈ ಊರು ಯಾವುದೆಂಬುದು ವಿದ್ವಾಂಸರಲ್ಲಿ ಇಂದಿಗೂ ಚರ್ಚೆಯ ವಿಷಯ. ಹೆಸರಿನ ಸಾಮ್ಯದಿಂದ ಅದು ನಮ್ಮ ವಿಜಾಪುರ, ಎಂದರೆ ಇಂದಿನ ವಿಜಯಪುರ ಎಂದು ಕನ್ನಡನಾಡಿನಲ್ಲಿ ಬಹುಕಾಲದಿಂದ ಹೇಳಿಕೊಂಡು ಬರಲಾಗಿದೆ. ಆದರೆ ವಿಜಯಪುರವು ಸಹ್ಯಾದ್ರಿಯಿಂದ ದೂರದ ಬಯಲುನಾಡು.

ಮುಂಬಯಿಯಿಂದ ಹೊರಟ ರೈಲು ಕಸಾರಾ ದಾಟಿ ಥಳ್ ಘಾಟಿಯನ್ನೇರಿ ಇಗತಪುರಿಯಲ್ಲಿ ನಿಲ್ಲುತ್ತದೆ. ಸಹ್ಯಾದ್ರಿಯ ಮಹಾರಾಷ್ಟ್ರ ಭಾಗದ ಅತ್ಯುನ್ನತ ಶಿಖರವಾದ 1646 ಮೀಟರ್ ಎತ್ತರದ ಕಳಸೂಬಾಯಿ ಈ ತಾಲೂಕಿನ ಅಂಚಿನಲ್ಲಿದೆ. ಅಲ್ಲಿಂದ ನಾಸಿಕ, ಮನಮಾಡಗಳನ್ನು ದಾಟಿ ಸುಮಾರು 190 ಕಿ.ಮೀ. ಸಾಗಿದರೆ ಚಾಳೀಸಗಾಂವ್ ಸಿಗುತ್ತದೆ. ಅದರ ಸಮೀಪದಲ್ಲಿ, ಸಹ್ಯಾದ್ರಿಯಿಂದ ಕವಲೊಡೆದು ಪೂರ್ವಕ್ಕೆ ಹಬ್ಬಿದ ಬೆಟ್ಟಸಾಲಿನ ಬುಡದಲ್ಲಿ, ಪಾಟಣ ಎಂಬ ಹಳ್ಳಿಯಿದೆ. ಬೆಟ್ಟವನ್ನೇರಿದರೆ ಛತ್ರಪತಿ ಸಂಭಾಜಿನಗರ ಜಿಲ್ಲೆ. ಅಲ್ಲಿನ ಒಂದು ತಾಲೂಕು ಕೇಂದ್ರದ ಹೆಸರು 'ಕನ್ನಡ್' ಎಂದಿರುವುದು ನಮ್ಮವರಿಗೆ ಕುತೂಹಲಕರ. ಪಾಟಣದ ದೇವಾಲಯವೊಂದರಲ್ಲಿ ದೊರೆತ ಶಾಸನವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿಯ ವೈದ್ಯ ಹಾಗೂ ವಿದ್ವಾಂಸ ಡಾ. ಭಾವು ದಾಜಿ ಲಾಡ್ ಅವರು ಬೆಳಕಿಗೆ ತಂದರು. ಭಾಸ್ಕರಾಚಾರ್ಯರ ವಂಶಾವಳಿಯೇ ಅದರಲ್ಲಿದೆ. ಅವರ ಮಗನನ್ನು ಯಾದವ ಅರಸನು ಇದೇ ಊರಿನಿಂದ ಕರೆದೊಯ್ದನೆಂದು ಶಾಸನವು ತಿಳಿಸುತ್ತದೆ. ಆದುದರಿಂದ ಮನೆತನವು ಪಾಟಣದ ಪರಿಸರದಲ್ಲಿ ನೆಲೆಸಿತ್ತೆಂಬ ಅಭಿಪ್ರಾಯಕ್ಕೆ ಬಲ ಹೆಚ್ಚು.

ಆದರೂ ಕನ್ನಡಿಗರು ಅವರನ್ನು ಪರಕೀಯರೆಂದು ಭಾವಿಸಬೇಕಾಗಿಲ್ಲ. ಭಾಸ್ಕರರು ಹುಟ್ಟಿದಾಗ ಈ ಪ್ರದೇಶದ ಮೇಲೆ ಕಲ್ಯಾಣದ ಚಾಲುಕ್ಯರ ಸಾರ್ವಭೌಮತ್ವವಿತ್ತು. ಅನಂತರ ದೇವಗಿರಿಯಿಂದ ಆಳಿದ ಸೇವುಣ ಯಾದವರೂ ಕನ್ನಡದಲ್ಲಿ ಅನೇಕ ಶಾಸನಗಳನ್ನು ಬರೆಯಿಸಿದರು. ಇಂದಿನ ರಾಜ್ಯಗಳ ಗಡಿಗಳು ಅಂದು ಇರಲಿಲ್ಲ.

ಮನೆತನ ಮತ್ತು ವಿದ್ಯೆ

ಭಾಸ್ಕರರದು ತಲೆಮಾರುಗಳಿಂದ ಬಂದ ವಿದ್ವಾಂಸರ ಮನೆತನ. ಮುತ್ತಜ್ಜ ಪ್ರಭಾಕರ, ಅಜ್ಜ ಮನೋರಥ, ತಂದೆ ಮಹೇಶ್ವರ ಎಂದು ಶಾಸನವು ಹೆಸರುಗಳನ್ನು ಕೊಡುತ್ತದೆ. ಪೂರ್ವಜರಲ್ಲೊಬ್ಬರಾದ ಭಾಸ್ಕರಭಟ್ಟರಿಗೆ ಭೋಜರಾಜನು ವಿದ್ಯಾಪತಿ ಎಂಬ ಬಿರುದನ್ನಿತ್ತನೆಂದೂ ಹೇಳುತ್ತದೆ. ಭಾಸ್ಕರರಿಗೆ ತಂದೆಯೇ ಗುರು. ಗಣಿತ, ಗ್ರಹಚಾರ, ಫಲಜ್ಯೋತಿಷ ಮೂರೂ ಆ ಮನೆಯ ವಿದ್ಯೆಗಳಾಗಿದ್ದವು. ಅವರು ಉಜ್ಜಯಿನಿಯ ವೇಧಶಾಲೆಯ ಮುಖ್ಯಸ್ಥರಾಗಿದ್ದರೆಂಬ ಮಾತು ಅನೇಕ ಪುಸ್ತಕಗಳಲ್ಲಿ ಕಂಡುಬಂದರೂ ಅವರ ಗ್ರಂಥಗಳಲ್ಲಿಯಾಗಲಿ ಪಾಟಣದ ಶಾಸನದಲ್ಲಿಯಾಗಲಿ ಅದಕ್ಕೆ ಆಧಾರವಿಲ್ಲ.

1150ರಲ್ಲಿ, ತಮ್ಮ 36ನೆಯ ವಯಸ್ಸಿನಲ್ಲಿ, ಅವರು 'ಸಿದ್ಧಾಂತ ಶಿರೋಮಣಿ'ಯನ್ನು ರಚಿಸಿದರು. ಲೀಲಾವತಿ, ಬೀಜಗಣಿತ, ಗ್ರಹಗಣಿತ, ಗೋಲಾಧ್ಯಾಯ ಎಂಬ ನಾಲ್ಕನ್ನೂ ಇದರ ಭಾಗಗಳೆಂದು ಪರಿಗಣಿಸುವ ವಾಡಿಕೆಯಿದೆ. ಗ್ರಹಗಣಿತ ಮತ್ತು ಗೋಲಾಧ್ಯಾಯಗಳಿಗೆ ಅವರೇ 'ವಾಸನಾಭಾಷ್ಯ'ವೆಂಬ ವ್ಯಾಖ್ಯಾನವನ್ನೂ ಬರೆದರು. ಸೂತ್ರವನ್ನು ಕೊಟ್ಟರೆ ಸಾಲದು, ಅದು ಏಕೆ ಸರಿಯೆಂಬ ಉಪಪತ್ತಿಯೂ ಬೇಕೆಂಬುದು ಅವರ ನಿಲುವಾಗಿತ್ತು. ಒಂದು ವರ್ಗಸಂಖ್ಯೆಯನ್ನು 61ರಿಂದ ಗುಣಿಸಿ 1ನ್ನು ಕೂಡಿಸಿದಾಗ ಮತ್ತೊಂದು ವರ್ಗವೇ ದೊರೆಯಬೇಕೆಂಬ ಸಮಸ್ಯೆಗೆ ಅವರು ಚಕ್ರವಾಳ ವಿಧಾನದಿಂದ 226153980 ಮತ್ತು 1766319049 ಎಂಬ ಉತ್ತರವನ್ನು ಕಂಡುಕೊಂಡರು. ಇದೇ ಸಮಸ್ಯೆಯನ್ನು ಫ್ರಾನ್ಸಿನ ಫರ್ಮಾ 1657ರಲ್ಲಿ ಯುರೋಪಿನ ಗಣಿತಜ್ಞರಿಗೆ ಸವಾಲಾಗಿ ಒಡ್ಡಿದರು.

ವಕ್ರಗತಿಯ ಲೆಕ್ಕ

ನಕ್ಷತ್ರಗಳ ಹಿನ್ನೆಲೆಯಲ್ಲಿ ಗ್ರಹಗಳು ಸಾಮಾನ್ಯವಾಗಿ ಪಶ್ಚಿಮದಿಂದ ಪೂರ್ವಕ್ಕೆ ಸರಿಯುತ್ತವೆ. ಕೆಲವು ಕಾಲ ಅವು ನಿಂತಂತೆ ತೋರಿ, ಹಿಂದಕ್ಕೆ ಚಲಿಸಿ, ಮತ್ತೆ ನಿಂತು ಮುಂದಕ್ಕೆ ಹೊರಡುತ್ತವೆ. ಇದೇ ವಕ್ರಗತಿ. ಕಾರಣವನ್ನು ಇಂದು ಹೀಗೆ ಹೇಳಬಹುದು: ಒಂದೇ ದಿಕ್ಕಿಗೆ ಸಾಗುವ ಎರಡು ಲೋಕಲ್ ರೈಲುಗಳಲ್ಲಿ ವೇಗದ ಗಾಡಿಯು ನಿಧಾನದ ಗಾಡಿಯನ್ನು ದಾಟುವಾಗ, ಕಿಟಕಿಯ ಬಳಿ ಕುಳಿತವರಿಗೆ ಪಕ್ಕದ ಗಾಡಿ ಹಿಂದಕ್ಕೆ ಹೋದಂತೆ ಕಾಣುತ್ತದೆ. ಸೂರ್ಯನನ್ನು ಸುತ್ತುವ ಭೂಮಿಯು ಕುಜ, ಗುರು, ಶನಿಗಳನ್ನು ಹಿಂದಿಕ್ಕುವಾಗಲೂ, ಬುಧ ಶುಕ್ರರು ಭೂಮಿಯನ್ನು ಹಿಂದಿಕ್ಕುವಾಗಲೂ ಆಗುವುದು ಇದೇ. ಯಾವ ಗ್ರಹವೂ ತನ್ನ ಹಾದಿಯಲ್ಲಿ ಹಿಂದಿರುಗುವುದಿಲ್ಲ.

ಭಾಸ್ಕರರು ಅಂದಿನ ಸಿದ್ಧಾಂತಿಗಳಂತೆ ಭೂಮಿಯು ಸ್ಥಿರವೆಂದೇ ಭಾವಿಸಿದ್ದರು. ಆದರೂ ಅವರ ವಿವರಣೆಯ ತಿರುಳು ಇದಕ್ಕೆ ಸಮೀಪವಾದುದು. ಗ್ರಹದ ಮಧ್ಯಮ ಗತಿ ಎಂದೂ ಹಿಂದಿರುಗದು. ವಕ್ರವಾಗುವುದು ಭೂಮಿಯಿಂದ ನೋಡುವವನ ದೃಷ್ಟಿಗೆ ಬೀಳುವ ಸ್ಫುಟಗತಿ ಮಾತ್ರ. ವೃತ್ತಗಳ ರೇಖಾಚಿತ್ರಗಳ ಮೂಲಕ ಅವರು ಇದನ್ನು ಗೋಲಾಧ್ಯಾಯದಲ್ಲಿ ನಿರೂಪಿಸಿದರು. ಗ್ರಹದ ಆ ಕ್ಷಣದ ವೇಗವನ್ನು, ಎಂದರೆ ತಾತ್ಕಾಲಿಕ ಗತಿಯನ್ನು, ಕಂಡುಹಿಡಿಯುವ ಸೂತ್ರವೂ ಅವರಲ್ಲಿದೆ. ಅದರ ಪ್ರಕಾರ ಶೀಘ್ರೋಚ್ಚದ ದಿನಗತಿಯಿಂದ ಲೆಕ್ಕಕ್ಕೆ ಬಂದ ಒಂದು ಮೊತ್ತವನ್ನು ಕಳೆಯಬೇಕು. ಉಳಿದುದೇ ಗ್ರಹದ ನಿಜಗತಿ. ಕಳೆಯಬೇಕಾದ ಮೊತ್ತವೇ ದೊಡ್ಡದಾಗಿ ಕಳೆಯುವ ಕ್ರಮ ತಿರುವುಮುರುವಾದರೆ ಗ್ರಹ ವಕ್ರ. ಅಂದರೆ ಭಾಸ್ಕರರ ಗಣಿತದಲ್ಲಿ ವಕ್ರತ್ವವು ಗ್ರಹದ ಕೋಪವಲ್ಲ, ವ್ಯವಕಲನದಲ್ಲಿ ಉಳಿದ ಋಣ ಶೇಷ.

ಪ್ರತಿಯೊಂದು ಗ್ರಹವೂ ಯಾವ ಶೀಘ್ರಕೇಂದ್ರದಲ್ಲಿ ವಕ್ರವಾಗುವುದೆಂಬುದನ್ನು ಅವರು ಭಾಗಗಳಲ್ಲಿ ಹೇಳಿದ್ದಾರೆ: ಕುಜನಿಗೆ 163, ಬುಧನಿಗೆ 145, ಗುರುವಿಗೆ 125, ಶುಕ್ರನಿಗೆ 165, ಶನಿಗೆ 113. ಈ ಸಂಖ್ಯೆಯನ್ನು 360ರಿಂದ ಕಳೆದಾಗ ಬರುವ ಭಾಗದಲ್ಲಿ ಗ್ರಹವು ಮಾರ್ಗಿಯಾಗುತ್ತದೆ. ಓದುಗರು ತಾವೇ ಪರೀಕ್ಷಿಸಬಹುದು. ಗುರುವು 125ರಿಂದ 235ರವರೆಗೆ, ಎಂದರೆ 110 ಭಾಗಗಳಷ್ಟು ವಕ್ರ. ಪೂರ್ಣ 360 ಭಾಗಗಳಿಗೆ ಸುಮಾರು 399 ದಿನಗಳಾದುದರಿಂದ ವಕ್ರಕಾಲವು ಸುಮಾರು 122 ದಿನ. ಇದೇ ರೀತಿ ಶನಿಗೆ 141 ದಿನ, ಕುಜನಿಗೆ 74 ದಿನ, ಬುಧನಿಗೆ 22ರಿಂದ 23 ದಿನಗಳು ಬರುತ್ತವೆ. ಇಂದಿನ ಖಗೋಳ ಗಣನೆಯ ಸರಾಸರಿಗೆ ಇವು ಅತ್ಯಂತ ನಿಕಟವಾಗಿವೆ. ಶುಕ್ರನೊಬ್ಬನಲ್ಲಿ ಸುಮಾರು ಒಂದು ವಾರದ ಅಂತರ ಕಾಣುತ್ತದೆ.

ಈ ಸಂಖ್ಯೆಗಳೇ ಇಂದಿನ ನಂಬಿಕೆಯನ್ನು ತೂಗಿ ನೋಡಲು ಸಾಕು. ಶನಿಯು ತನ್ನ 378 ದಿನಗಳ ಆವರ್ತದಲ್ಲಿ ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚು ಕಾಲ ವಕ್ರನಾಗಿರುತ್ತಾನೆ. ಬುಧನು ವರ್ಷಕ್ಕೆ ಮೂರು ಬಾರಿಯಾದರೂ ವಕ್ರನಾಗುತ್ತಾನೆ. ಐದು ಗ್ರಹಗಳನ್ನೂ ಗಣನೆಗೆ ತಂದರೆ, ಒಂದಲ್ಲ ಒಂದು ವಕ್ರನಾಗಿರುವ ದಿನಗಳೇ ಹೆಚ್ಚು. ಅದೇ ದಿನ ಭೂಮಿಯ ಮೇಲೆ ಒಬ್ಬರಿಗೆ ಮದುವೆಯ ಸಂಭ್ರಮ, ಇನ್ನೊಬ್ಬರಿಗೆ ಸಾವಿನ ಸೂತಕ. ಎಲ್ಲರಿಗೂ ಒಂದೇ ಆಗಿರುವ ಆಕಾಶವು ಒಬ್ಬೊಬ್ಬರ ಬೇರೆ ಬೇರೆ ಮನಃಸ್ಥಿತಿಗೆ ಕಾರಣವಾಗುವುದು ಹೇಗೆ? ಜಾತಕಪದ್ಧತಿಯ ಷಡ್ಬಲ ಗಣನೆಯಲ್ಲಿ ವಕ್ರಗ್ರಹಕ್ಕೆ ಪೂರ್ಣ ಚೇಷ್ಟಾಬಲವಿದೆ. ಅದು ಬಲಿಷ್ಠವೆಂದೇ ಲೆಕ್ಕ. ಬುಧನು ವಕ್ರನಾದರೆ ಎಲ್ಲರ ಮಾತು, ಪತ್ರ, ಪ್ರಯಾಣಗಳು ಕೆಡುತ್ತವೆಂಬ ಭಯವಾದರೋ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪಾಶ್ಚಾತ್ಯ ಪತ್ರಿಕೆಗಳ ಭವಿಷ್ಯದ ಅಂಕಣಗಳ ಮೂಲಕ ಹಬ್ಬಿದುದು. ಹೀಗೆ ಪರಸ್ಪರ ಒಪ್ಪದ ಎರಡು ಸಂಪ್ರದಾಯಗಳನ್ನು ಬೆರೆಸಿ ನಾವು ಆತಂಕಪಡುತ್ತಿದ್ದೇವೆ.

ಫಲಜ್ಯೋತಿಷದ ಬಗೆಗಿನ ನಿಲುವು

ಹಾಗೆಂದು ಭಾಸ್ಕರಾಚಾರ್ಯರನ್ನು ಇಂದಿನ ಅರ್ಥದ ವಿಚಾರವಾದಿಯೆಂದು ಚಿತ್ರಿಸುವುದು ಸತ್ಯಕ್ಕೆ ದೂರ. ಜ್ಯೋತಿಷಶಾಸ್ತ್ರದ ಫಲ ಭವಿಷ್ಯಕಥನವೆಂಬ ಹಿರಿಯರ ಮತವನ್ನು ಅವರು ಉಲ್ಲೇಖಿಸಿ ಮುಂದುವರಿಯುತ್ತಾರೆ. ಆದರೆ ಆ ಕಥನಕ್ಕೆ ಲಗ್ನ ಬೇಕು, ಲಗ್ನಕ್ಕೆ ಸ್ಫುಟಗ್ರಹ ಬೇಕು, ಸ್ಫುಟಗ್ರಹಕ್ಕೆ ಗೋಲಜ್ಞಾನ ಬೇಕು, ಗೋಲಜ್ಞಾನಕ್ಕೆ ಗಣಿತ ಬೇಕು ಎಂದು ಅವರು ಮೆಟ್ಟಿಲು ಮೆಟ್ಟಿಲಾಗಿ ಓದುಗನನ್ನು ಗಣಿತದತ್ತ ಕರೆತರುತ್ತಾರೆ. ಗ್ರಹಣದ ವಿಷಯದಲ್ಲಿಯೂ ಹೀಗೆಯೇ. ಚಂದ್ರಗ್ರಹಣಕ್ಕೆ ಭೂಮಿಯ ನೆರಳು ಕಾರಣವೆಂದು ನಿಸ್ಸಂದಿಗ್ಧವಾಗಿ ತೋರಿಸಿ, ಪುರಾಣಗಳಿಗೆ ವಿರೋಧ ಬರದಂತೆ ರಾಹುವು ಆ ನೆರಳನ್ನು ಹೊಕ್ಕಿರುತ್ತಾನೆಂದು ಸಮನ್ವಯ ಮಾಡಿದರು. ಸಂಪ್ರದಾಯದೊಡನೆ ಜಗಳವಾಡದೆ, ಲೆಕ್ಕದಲ್ಲಿ ಮಾತ್ರ ಎಳ್ಳಷ್ಟೂ ರಾಜಿ ಮಾಡಿಕೊಳ್ಳದ ಮಾರ್ಗ ಅವರದು.

ಲೀಲಾವತಿಯ ಕಥೆ

ಭಾಸ್ಕರರ ಬದುಕಿನ ಬಗ್ಗೆ ಜನಜನಿತವಾದ ಕಥೆ ಮಗಳು ಲೀಲಾವತಿಯದು. ಮಗಳ ಜಾತಕದಲ್ಲಿ ದೋಷ ಕಂಡ ತಂದೆ ಮದುವೆಗೆ ಒಂದೇ ಒಂದು ಶುಭಗಳಿಗೆಯನ್ನು ಗೊತ್ತುಮಾಡಿ ನೀರಿನಲ್ಲಿ ಘಟಿಕಾ ಬಟ್ಟಲನ್ನು ತೇಲಿಬಿಟ್ಟರಂತೆ. ಬಗ್ಗಿ ನೋಡಿದ ಹುಡುಗಿಯ ಆಭರಣದ ಮುತ್ತೊಂದು ಬಟ್ಟಲಿಗೆ ಬಿದ್ದು ರಂಧ್ರ ಮುಚ್ಚಿತಂತೆ, ಮುಹೂರ್ತ ಮೀರಿಹೋಯಿತಂತೆ. ಕೊರಗಿದ ಮಗಳ ಸಮಾಧಾನಕ್ಕೆ ತಂದೆ ಅವಳ ಹೆಸರಿನಲ್ಲಿ ಗ್ರಂಥ ಬರೆದರಂತೆ. ಹೃದಯಸ್ಪರ್ಶಿಯಾದ ಈ ಕಥೆ ಭಾಸ್ಕರರ ಕೃತಿಗಳಲ್ಲಿಲ್ಲ. ಗ್ರಂಥರಚನೆಯಾಗಿ ನಾನೂರಕ್ಕೂ ಹೆಚ್ಚು ವರ್ಷಗಳ ಅನಂತರ, 1587ರಲ್ಲಿ, ಅಕ್ಬರನ ಆಸ್ಥಾನಕವಿ ಫೈಜಿ ಮಾಡಿದ ಪಾರಸಿ ಅನುವಾದದ ಮುನ್ನುಡಿಯಲ್ಲಿ ಇದು ಬರುತ್ತದೆ. ಪಾಟಣದ ಶಾಸನವೂ ಮಗಳನ್ನು ಹೆಸರಿಸುವುದಿಲ್ಲ. ಗ್ರಂಥದಲ್ಲಿ ಲೆಕ್ಕ ಬಿಡಿಸುವಂತೆ ಸಂಬೋಧಿಸಲಾದ ಬಾಲೆಯೊಬ್ಬಳಿದ್ದಾಳೆ, ಅಷ್ಟೆ. ಗ್ರಹಗತಿಯನ್ನು ಅಷ್ಟು ನಿಖರವಾಗಿ ಅರಿತವರನ್ನು ಜನಮನವು ಗ್ರಹಗತಿಗೆ ಸೋತ ತಂದೆಯಾಗಿ ನೆನಪಿಟ್ಟಿರುವುದು ವಿಪರ್ಯಾಸ.

ಕೊನೆಯ ಕೃತಿ, ಮೊಮ್ಮಗನ ಮಠ

1183ರಲ್ಲಿ, 69ನೆಯ ವಯಸ್ಸಿನಲ್ಲಿ, ಭಾಸ್ಕರರು 'ಕರಣ ಕುತೂಹಲ'ವನ್ನು ಬರೆದರು. ಪಂಚಾಂಗ ಕಟ್ಟುವವರಿಗೆ ಗ್ರಹಸ್ಥಿತಿಗಳನ್ನು ಸುಲಭವಾಗಿ ಲೆಕ್ಕಹಾಕಲು ನೆರವಾಗುವ ಕೈಪಿಡಿ ಅದು. ದೊಡ್ಡ ಸಿದ್ಧಾಂತವನ್ನು ಬರೆದವರು ಇಳಿವಯಸ್ಸಿನಲ್ಲಿ ದಿನಬಳಕೆಯ ಲೆಕ್ಕಿಗರಿಗಾಗಿ ಲೇಖನಿ ಹಿಡಿದುದು ಅವರ ವ್ಯಕ್ತಿತ್ವದ ದ್ಯೋತಕ.

ಮಗ ಲಕ್ಷ್ಮೀಧರನನ್ನು ಯಾದವ ದೊರೆ ಜೈತ್ರಪಾಲನು ವಿದ್ವಾಂಸರ ಅಗ್ರಣಿಯನ್ನಾಗಿ ಮಾಡಿದನು. ಮೊಮ್ಮಗ ಚಾಂಗದೇವನು ಸಿಂಘಣನ ಆಸ್ಥಾನದ ಮುಖ್ಯ ಜ್ಯೋತಿಷಿಯಾದನು. ಅಜ್ಜನ ಗ್ರಂಥಗಳ ಪಾಠ ನಡೆಯಲೆಂದೇ ಅವನು ಪಾಟಣದಲ್ಲಿ ಮಠವೊಂದನ್ನು ಸ್ಥಾಪಿಸಿದನು. 1207ರ ಆಗಸ್ಟ್ 9ರಂದು, ಚಂದ್ರಗ್ರಹಣದ ಸಂದರ್ಭದಲ್ಲಿ, ನಿಕುಂಭ ವಂಶದ ಸೋಯಿದೇವನು ಅದಕ್ಕೆ ದತ್ತಿಯನ್ನಿತ್ತನು. ದತ್ತಿಯ ವಿವರವಿರುವ ಶಾಸನದ ಕೊನೆಯ ಭಾಗ ಹಳೆಯ ಮರಾಠಿಯಲ್ಲಿದೆ. ಒಬ್ಬ ಗಣಿತಜ್ಞನ ಪುಸ್ತಕಗಳ ಅಧ್ಯಯನಕ್ಕಾಗಿಯೇ ಸಂಸ್ಥೆಯೊಂದು ದತ್ತಿ ಪಡೆದ ಇಂತಹ ನಿದರ್ಶನ ವಿರಳ.

ಲೀಲಾವತಿ ಮತ್ತು ಬೀಜಗಣಿತಗಳನ್ನು 1817ರಲ್ಲಿ ಕೋಲ್‌ಬ್ರೂಕ್ ಇಂಗ್ಲಿಷಿಗೆ ಅನುವಾದಿಸಿ ಪಾಶ್ಚಾತ್ಯ ಜಗತ್ತಿಗೆ ಪರಿಚಯಿಸಿದರು. 1979 ಮತ್ತು 1981ರಲ್ಲಿ ಉಡಾವಣೆಗೊಂಡ ಭಾರತದ ಎರಡು ಭೂವೀಕ್ಷಣಾ ಉಪಗ್ರಹಗಳು ಭಾಸ್ಕರ ಎಂಬ ಹೆಸರನ್ನು ಹೊತ್ತವು.

ಗೋಲಾಧ್ಯಾಯದ ಯಂತ್ರಾಧ್ಯಾಯದಲ್ಲಿ ಅನೇಕ ವೀಕ್ಷಣಾ ಯಂತ್ರಗಳನ್ನು ವರ್ಣಿಸಿದ ಬಳಿಕ, ಅವೆಲ್ಲಕ್ಕಿಂತ ಮೇಲಾದ ಯಂತ್ರ ಮನುಷ್ಯನ ಬುದ್ಧಿಯೇ ಎಂಬ ಅಭಿಪ್ರಾಯವನ್ನು ಭಾಸ್ಕರಾಚಾರ್ಯರು ಮುಂದಿಟ್ಟಿದ್ದಾರೆ. ಇಂದು ಇಗತಪುರಿಯ ಧಮ್ಮಗಿರಿಗೆ ದೇಶವಿದೇಶಗಳಿಂದ ಜನರು ಬರುತ್ತಾರೆ. ಹತ್ತು ದಿನ ಮೌನವಾಗಿದ್ದು ತಮ್ಮ ಮನಸ್ಸಿನ ಏರಿಳಿತಗಳನ್ನು ತಾವೇ ಗಮನಿಸುತ್ತಾರೆ. ಮನಸ್ಸಿನ ಕಾರಣಗಳನ್ನು ಮನಸ್ಸಿನಲ್ಲಿಯೂ ಬದುಕಿನಲ್ಲಿಯೂ ಹುಡುಕುವುದು, ಗ್ರಹಗಳ ಗತಿಯನ್ನು ಗಣಿತದಲ್ಲಿ ಅರಿಯುವುದು ಇವೆರಡೂ ಒಂದೇ ಸಹ್ಯಾದ್ರಿಯ ಆಸರೆಯಲ್ಲಿ ಬೆಳೆದ ಶಿಸ್ತುಗಳು. ಮುಂದಿನ ಬಾರಿ ಪಂಚಾಂಗದಲ್ಲಿ ಬುಧವಕ್ರ ಎಂಬ ಮಾತು ಕಂಡಾಗ, ಅದನ್ನು ಅಂಜಿಕೆಯಿಂದಲ್ಲದೆ, 145 ಭಾಗಗಳ ಲೆಕ್ಕವನ್ನು ನಮಗೆ ಬಿಟ್ಟುಹೋದ ಆ ಹಿರಿಯರ ಮೇಲಣ ಗೌರವದಿಂದ ಓದೋಣ.