ಲೂಯಿ ಪಾಶ್ಚರ್ ಮತ್ತು ಹುಚ್ಚುನಾಯಿ ರೋಗ

ಎಂಟನೇ ತರಗತಿಯ ಸೂಕ್ಷ್ಮಜೀವಿಗಳ ಪಾಠದಲ್ಲಿ ಲೂಯಿ ಪಾಶ್ಚರ್ ಹೆಸರು ಹುದುಗುವಿಕೆಯ ಜೊತೆ ಬಂದು ಹೋಗುತ್ತದೆ. ಸಿದ್ದಾಪುರದಲ್ಲಿ ಅಭ್ಯಾಸ ಬೋಧನೆ ಮಾಡುವಾಗ ನಾನು ಆ ಹೆಸರಿಗೆ ಒಂದು ಪೂರ್ತಿ ಅವಧಿ ಇಟ್ಟುಕೊಂಡೆ. ಕುರಿಹಟ್ಟಿಯಿಂದ ಬಸ್ ನಿಲ್ದಾಣದವರೆಗೆ ನಾಯಿ ಇಲ್ಲದ ಜಾಗ ನಮ್ಮ ಕಡೆ ಇಲ್ಲ. ಕಚ್ಚಿದರೆ ಗಾಯಕ್ಕೆ ಸುಣ್ಣವನ್ನೋ ಖಾರದ ಪುಡಿಯನ್ನೋ ಹಚ್ಚುವವರೂ ಇದ್ದಾರೆ. ಹಾಗಾಗಿ ಪಾಶ್ಚರನ ಜೀವನವನ್ನು ಹುಚ್ಚುನಾಯಿ ರೋಗದ ಕಡೆಯಿಂದಲೇ ಹೇಳಿದೆ.

ಪಾಶ್ಚರ್ ಹುಟ್ಟಿದ್ದು 1822ರ ಡಿಸೆಂಬರ್ 27ರಂದು, ಫ್ರಾನ್ಸಿನ ಡೋಲ್ ಊರಲ್ಲಿ. ತಂದೆ ಚರ್ಮ ಹದ ಮಾಡುವ ಕಸುಬಿನವರು. ಬೆಳೆದದ್ದು ಆರ್ಬ್ವಾ ಎಂಬಲ್ಲಿ. 1831ರಲ್ಲಿ ಹುಚ್ಚು ಹಿಡಿದ ತೋಳವೊಂದು ಆ ಸೀಮೆಯ ಹಲವರನ್ನು ಕಚ್ಚಿತು. ಕಚ್ಚಿಸಿಕೊಂಡವರನ್ನು ಕಮ್ಮಾರನ ಕುಲುಮೆಗೆ ಕರೆದೊಯ್ದು ಕಾದ ಕಬ್ಬಿಣದಿಂದ ಗಾಯ ಸುಡುತ್ತಿದ್ದರು. ಪಾಶ್ಚರನಿಗೆ ಆಗ ಎಂಟು ವರ್ಷ. ಬರೆ ಹಾಕುವುದು ಎಂದರೆ ಏನೆಂದು ನಮ್ಮ ಮಕ್ಕಳಿಗೆ ವಿವರಿಸಬೇಕಾಗಲಿಲ್ಲ.

ಓದಿದ್ದು ರಸಾಯನಶಾಸ್ತ್ರ. ದ್ರಾಕ್ಷಾರಸ ಕೆಡುವುದೇಕೆ, ರೇಷ್ಮೆಹುಳು ಸಾಯುವುದೇಕೆ ಎಂಬ ಕೆಲಸಗಳಲ್ಲಿ ವರ್ಷಗಳು ಕಳೆದವು. ನಡುವೆ ಮೂವರು ಹೆಣ್ಣುಮಕ್ಕಳು ತೀರಿಕೊಂಡರು. 1868ರಲ್ಲಿ ಲಕ್ವ ಹೊಡೆದು ಎಡಭಾಗ ಸ್ವಾಧೀನ ತಪ್ಪಿತು. ಕೋಳಿ ಕಾಲರಾ, ಕುರಿಗಳ ಅಂಥ್ರಾಕ್ಸ್, ಆಮೇಲೆ ರೇಬೀಸ್, ಈ ದೊಡ್ಡ ಕೆಲಸಗಳೆಲ್ಲ ಅದಾದ ನಂತರದವು.

ರೇಬೀಸ್ ವಿಷಯದಲ್ಲಿ ದಾರಿ ತೋರಿಸಿದವರು ಲಿಯೋನಿನ ಪಶುವೈದ್ಯ ಶಾಲೆಯ ಅಧ್ಯಾಪಕ ಗಾಲ್ಟಿಯೆ. ರೋಗವನ್ನು ಮೊಲಕ್ಕೆ ದಾಟಿಸಬಹುದೆಂದು ಅವರು 1879ರಲ್ಲೇ ತೋರಿಸಿದ್ದರು. ಪಾಠ ಹೇಳುವಾಗ ಈ ಹೆಸರನ್ನು ನಾವು ಬಿಡಬಾರದು. ಪಾಶ್ಚರನಿಗೆ ಸೂಕ್ಷ್ಮದರ್ಶಕದಲ್ಲಿ ಆ ರೋಗಾಣು ಕಾಣಲೇ ಇಲ್ಲ, ಅದು ವೈರಸ್. ಕಾಣದ್ದನ್ನು ಮೊಲದಿಂದ ಮೊಲಕ್ಕೆ ದಾಟಿಸುತ್ತ ಬೆಳೆಸಿದರು. ಸತ್ತ ಮೊಲದ ಬೆನ್ನುಹುರಿಯನ್ನು ಒಣಗಾಳಿಯ ಸೀಸೆಯಲ್ಲಿ ತೂಗುಹಾಕಿದರೆ ದಿನ ಕಳೆದಂತೆ ಅದರ ಶಕ್ತಿ ಕುಂದುತ್ತಿತ್ತು. ಅದೇ ಲಸಿಕೆಯಾಯಿತು.

1885ರ ಜುಲೈ 6ರಂದು ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನನ್ನು ಪ್ಯಾರಿಸ್ಸಿಗೆ ಕರೆತಂದರು. ನಾಯಿ ಕಚ್ಚಿ ಎರಡು ದಿನವಾಗಿತ್ತು. ಪಾಶ್ಚರ್ ವೈದ್ಯರಲ್ಲ, ಸೂಜಿ ಹಾಕಿದವರು ಡಾಕ್ಟರ್ ಗ್ರಾಂಶೆ. ಹೆಚ್ಚು ಒಣಗಿದ ಹುರಿಯಿಂದ ಶುರು ಮಾಡಿ ತಾಜಾ ಹುರಿಯವರೆಗೆ, ಜುಲೈ 16ರೊಳಗೆ 13 ಸೂಜಿ. ಹುಡುಗ ಉಳಿದ. ಪಾಶ್ಚರನ ಖಾಸಗಿ ಟಿಪ್ಪಣಿ ಪುಸ್ತಕಗಳನ್ನು ಓದಿದ ಇತಿಹಾಸಕಾರ ಗೈಸನ್, ಆ ಕ್ರಮವನ್ನು ನಾಯಿಗಳ ಮೇಲೆ ಪರೀಕ್ಷಿಸಿ ಮುಗಿಸುವ ಮೊದಲೇ ಹುಡುಗನಿಗೆ ಬಳಸಲಾಯಿತೆಂದು 1995ರಲ್ಲಿ ಬರೆದರು. ಇದನ್ನು ಮಕ್ಕಳಿಂದ ಮುಚ್ಚಿಡುವ ಅಗತ್ಯ ನನಗೆ ಕಾಣಲಿಲ್ಲ.

ಪಾಶ್ಚರನ ಕಥೆ ಸಾಮಾನ್ಯವಾಗಿ ಮೈಸ್ಟರ್ ಬಳಿ ನಿಲ್ಲುತ್ತದೆ. ನಾನು ಲೂಯಿಸ್ ಪೆಲ್ತಿಯೆ ಎಂಬ ಹತ್ತು ವರ್ಷದ ಹುಡುಗಿಯವರೆಗೆ ಹೋದೆ. ಅದೇ ವರ್ಷದ ನವೆಂಬರಿನಲ್ಲಿ ಅವಳನ್ನು ಕರೆತಂದಾಗ ಕಚ್ಚಿ 37 ದಿನವಾಗಿತ್ತು, ಗಾಯ ತಲೆಗೂ ಆಗಿತ್ತು. ತಡವಾಯಿತೆಂದು ಪಾಶ್ಚರನಿಗೆ ಗೊತ್ತಿತ್ತು. ಹುಡುಗಿ ಸತ್ತರೆ ಹೊಸ ಚಿಕಿತ್ಸೆಗೆ ಕೆಟ್ಟ ಹೆಸರು ಬರುತ್ತದೆಂಬುದೂ ಗೊತ್ತಿತ್ತು. ಆದರೂ ಸೂಜಿ ಹಾಕಿಸಿದರು. ಡಿಸೆಂಬರಿನಲ್ಲಿ ಅವಳು ತೀರಿಕೊಂಡಳು.

ಇಬ್ಬರ ಹೆಸರನ್ನೂ ಕಪ್ಪುಹಲಗೆಯ ಮೇಲೆ ಅಕ್ಕಪಕ್ಕ ಬರೆದು, 2 ಮತ್ತು 37 ಎಂಬ ಅಂಕಿಗಳನ್ನು ಕೆಳಗೆ ಹಾಕಿದೆ. ವೈರಸ್ ನರದ ದಾರಿ ಹಿಡಿದು ನಿಧಾನವಾಗಿ ಮಿದುಳಿಗೆ ಹೋಗುತ್ತದೆ, ಅದು ತಲುಪುವ ಮೊದಲು ದೇಹ ಸಿದ್ಧವಾಗಬೇಕು, ಮುಖ ತಲೆಗೆ ಕಚ್ಚಿದರೆ ದಾರಿ ಗಿಡ್ಡ. ಇಷ್ಟನ್ನು ಮಕ್ಕಳೇ ಹೇಳಿದರು. ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಬೇಕೆಂಬುದನ್ನು ನಾನು ಸೇರಿಸಿದೆ.

1888ರಲ್ಲಿ ಪ್ಯಾರಿಸ್ಸಿನಲ್ಲಿ ಪಾಶ್ಚರ್ ಸಂಸ್ಥೆ ತೆರೆಯಿತು. ಭಾರತದಲ್ಲಿ 1900ರಲ್ಲಿ ಕಸೌಲಿ, 1907ರಲ್ಲಿ ನಮಗೆ ಹತ್ತಿರದ ಕೂನೂರು. ಕಸೌಲಿಯ ಡೇವಿಡ್ ಸೆಂಪಲ್ 1911ರಲ್ಲಿ ರೂಪಿಸಿದ ಲಸಿಕೆಯೇ ನಮ್ಮ ಹಿರಿಯರು ಹೆದರುತ್ತಿದ್ದ ಹೊಕ್ಕಳ ಸುತ್ತಲಿನ 14 ಸೂಜಿ. ಆ ಹೆದರಿಕೆ ಊರುಗಳಲ್ಲಿ ಇನ್ನೂ ಉಳಿದಿದೆ. ಈಗ ಹೊಟ್ಟೆಗೆ ಹಾಕುವುದಿಲ್ಲ, ತೋಳಿಗೆ ನಾಲ್ಕೈದು ಸಲ ಸಾಕು. ಪಾಶ್ಚರ್ 1895ರ ಸೆಪ್ಟೆಂಬರ್ 28ರಂದು ತೀರಿಕೊಂಡರು. ಆ ದಿನವೇ ಈಗ ವಿಶ್ವ ರೇಬೀಸ್ ದಿನ.

ಅವಧಿ ಮುಗಿಯುವಾಗ ಕುರಿಗಾರರ ಮನೆಯ ಹುಡುಗನೊಬ್ಬ, ಆಕಳು ಜೊಲ್ಲು ಸುರಿಸಿದರೆ ಅದೂ ಹುಚ್ಚೇ ಎಂದು ಕೇಳಿದ. ಕಾಲುಬಾಯಿ ಬೇನೆಯಲ್ಲೂ ಜೊಲ್ಲು ಸುರಿಯುತ್ತದೆ, ಆದರೆ ಬಾಯಲ್ಲಿ, ಗೊರಸಿನ ಸಂದಿಯಲ್ಲಿ ನೀರುಗುಳ್ಳೆ ಇರುತ್ತವೆ, ಕೊಟ್ಟಿಗೆಯ ದನಗಳಿಗೆಲ್ಲ ಬೇಗ ಹಬ್ಬುತ್ತದೆ. ರೇಬೀಸಿನಲ್ಲಿ ಆ ಗುಳ್ಳೆ ಇರುವುದಿಲ್ಲ, ಕೂಗು ಬದಲಾಗುತ್ತದೆ, ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಕಾಣುತ್ತದೆ. ಸಿಕ್ಕಿದೆಯೆಂದು ಬರಿಗೈ ಬಾಯೊಳಗೆ ಹಾಕುವುದೇ ಅಪಾಯ, ಪಶುವೈದ್ಯರನ್ನು ಕರೆಯಬೇಕು. ಮರುದಿನದ ಪಾಠಯೋಜನೆಯನ್ನು ಈ ಪ್ರಶ್ನೆಯ ಮೇಲೆಯೇ ಬರೆದೆ.